ಕುಲುಮೆಯ ಪಾಲು

ಗಣಿ ಮುಚ್ಚಿದ ವರ್ಷ ಪರೀಕ್ಷೆ ಮನೆಯ ಕುಲುಮೆಯನ್ನೂ ಕೆಡವಿದರು.
ಇಟ್ಟಿಗೆ ಊರಿಗೆ ಬಂತು, ತಲೆಯ ಮೇಲೆ, ಸೈಕಲ್ಲಿನ ಮೇಲೆ,
ಯಾರ ಬಚ್ಚಲಿಗೋ, ಯಾರ ಹಸುವಿನ ಗೊಂತಿಗೋ.
ಮುನಿವೆಂಕಟಮ್ಮನ ಒಲೆಗೆ ಆರು.

ಆ ಇಟ್ಟಿಗೆ ಏನು ಕುಡಿದಿದೆಯೆಂದು
ಗಂಗುಲಪ್ಪ ಮಾವನಿಗೆ ಮಾತ್ರ ಗೊತ್ತಿತ್ತು.
ಮೂವತ್ತೊಂದು ವರ್ಷ ಅದರ ಬಾಯೊಳಗೆ
ಮೂಸೆ ಇಟ್ಟು ತೆಗೆದವನು.
"ಕುಲುಮೆ ತನ್ನ ಪಾಲು ಕೇಳಲ್ಲ ಅಮ್ಮಣ್ಣಿ,
ತಗೊಂಬಿಡ್ತದೆ," ಅನ್ನುತ್ತಿದ್ದ
ಕುಪ್ಪಂ ಬಸ್ಸಿಗೆ ಕಾಯುತ್ತ, ಬೀಡಿ ಹಚ್ಚದೆ
ಬೆರಳಲ್ಲಿ ಉರುಳಿಸುತ್ತ.

ಕುಲುಮೆಯನ್ನು ಕರಗಿಸಲು ಇನ್ನೊಂದು ಕುಲುಮೆ ಬೇಕಲ್ಲ.
ನಕ್ಷೆ ನಮ್ಮ ಹಿತ್ತಲ ಗೋಡೆಯ ಮೇಲೆ, ಇದ್ದಿಲಲ್ಲಿ:
ಬಿಂದಿಗೆಯಂಥ ಹೊಟ್ಟೆ, ಮೂರು ಗೇಣು ಎತ್ತರ,
ಮುಚ್ಚಳದ ತೂತು ಕಾಫಿ ಲೋಟದ ಬಾಯಷ್ಟು.
ಲೋಟವನ್ನೇ ಒತ್ತಿ ಗುರುತು ಮಾಡಿದ;
ಅಮ್ಮ ಅದನ್ನು ಮತ್ತೆ ಒಳಗೆ ಸೇರಿಸಲಿಲ್ಲ.
ಹುತ್ತದ ಮಣ್ಣು, ಬತ್ತದ ಹೊಟ್ಟು,
ಒಡೆದ ಹಳೆ ಮೂಸೆಗಳ ಪುಡಿ.
ನಾನು ಎಂಟನೇ ಕ್ಲಾಸು. ಬೆಳಿಗ್ಗೆ ತೆಲುಗಿನಲ್ಲಿ ಪಾಠ ಒಪ್ಪಿಸಿ
ಸಂಜೆ ಕನ್ನಡದಲ್ಲಿ ಮಣ್ಣು ತುಳಿದೆ.

ಮೊದಲನೆಯದು ಬಿಸಿಲಿಗೆ ಅವಸರಪಟ್ಟು
ಹಿಮ್ಮಡಿಯ ಹಾಗೆ ಬಿರಿಯಿತು.
ಎರಡನೆಯದು ನಿಂತಿತು. ಗಾಳಿಕೊಳವೆ ನೆಟ್ಟಗಿತ್ತು.
ನಾನು ಹಿಡಿ ತಿರುಗಿಸಿದ ಹಾಗೆಲ್ಲ
ಗಾಳಿ ಮೂಸೆಯ ಪಕ್ಕೆಗೇ ಬಡಿದು
ಒಂದು ಮಗ್ಗುಲು ಬೆಳ್ಳಗಾಗಿ, ಇನ್ನೊಂದು ಇನ್ನೂ ಕೆಂಪಗಿರುವಾಗಲೇ
ಟಪ್ಪೆಂದಿತು.
ಆ ರಾತ್ರಿ ಮಾವ ಉಣ್ಣಲಿಲ್ಲ.
ಬಕೆಟ್ಟಿನ ನೀರನ್ನು ಬೆರಳಿಂದ ಸುತ್ತಿಸುತ್ತ ಕೂತಿದ್ದ.
ಬೆಳಕು ಹರಿಯುವಾಗ ಕೊಳವೆ ಕಿತ್ತು
ಓರೆಯಾಗಿ, ಒಳಗೋಡೆಯನ್ನು ಸವರುವಂತೆ ಹೂಡಿದ.
"ಬೆಂಕಿ ನುಗ್ಗಬಾರದು. ಸುತ್ತಬೇಕು."

ಮುನಿವೆಂಕಟಮ್ಮ ಒಪ್ಪಲಿಲ್ಲ.
"ಇಪ್ಪತ್ತು ವರ್ಷ ಅದರ ಮೇಲೆ ಮುದ್ದೆ ಬೇಯ್ಸಿದೀನಿ.
ನೀನು ಬಂದು ಬಂಗಾರ ಅಂದ್ರೆ
ನಾಳೆ ಎಸರು ಎಲ್ಲಿಡ್ಲಿ?"
ಮೂರನೇ ದಿನ ತಾನೇ ಕಿತ್ತು ತಂದು ಹಾಕಿದಳು,
ಆರನ್ನೂ, ಮಸಿ ಕೂಡ ಉಜ್ಜದೆ.
"ಎಣಿಸ್ಕೊ."

ಕುಟ್ಟಿದೆವು, ಜರಡಿ ಹಿಡಿದೆವು.
ಬಿಳಿಗಾರ, ಸೋಡಾ, ಸೀಸದ ಹಳದಿ ಭಸ್ಮ,
ಕೊನೆಗೆ ಒಂದು ಹಿಡಿ ರಾಗಿಹಿಟ್ಟು.
"ಪೂಜೆಗಾ ಮಾವ?"
"ಪೂಜೆ ಅಲ್ಲ. ಹಿಟ್ಟು ಉರಿದ್ರೆ ಭಸ್ಮ ಮತ್ತೆ ಸೀಸ ಆಗ್ತದೆ,
ಸೀಸ ಬಂಗಾರಾನ ಹುಡುಕ್ಕೊಂಡು ತಳಕ್ಕಿಳೀತದೆ."

ಹುಣಸೆ ಇದ್ದಿಲು. ನಾನು ಹಿಡಿ ತಿರುಗಿಸಿದೆ.
ಮುಚ್ಚಳದ ತೂತಿನಲ್ಲಿ ಬೆಂಕಿ, ಬೀಸುಕಲ್ಲಿನ ಹಾಗೆ,
ಒಂದೇ ಸಮನೆ ಸುತ್ತಿತು.
ಮೂಸೆ ಎಲ್ಲ ಕಡೆಯಿಂದ ಒಂದೇ ಬಣ್ಣಕ್ಕೆ ಬಂತು.
ಮಾವ ನನ್ನ ಭುಜ ಹಿಡಿದು ಗಾಳಿ ಬರುವ ಕಡೆಗೆ ಸರಿಸಿ ನಿಲ್ಲಿಸಿದ.

ಆಮೇಲೆ ಬಟ್ಟಲು: ಸುಭಾನ್ ಸಾಬಿಯ ಅಂಗಡಿಯ
ಕುರಿಮೂಳೆ ಸುಟ್ಟ ಬೂದಿಯದು.
ಸೀಸ ಅದರೊಳಕ್ಕೆ ಇಂಗುತ್ತ, ಇಂಗುತ್ತ,
ಮೇಲೆ ಎಣ್ಣೆಯ ಬಣ್ಣಗಳು ಓಡಿ,
ಸಟ್ಟನೆ ಆರಿ, ಒಮ್ಮೆ ಮಿಂಚಿ,
ಉಳಿದದ್ದು ಒಂದು ರಾಗಿಕಾಳು.
ರಾಗಿಕಾಳಿಗಿಂತ ತುಸು ಚಿಕ್ಕದೇ.

ಮುನಿವೆಂಕಟಮ್ಮ ಬಗ್ಗಿ ನೋಡಿದಳು.
"ಒಂದು ಹಿಡಿ ಹಾಕಿ ಒಂದು ಕಾಳು ಬೆಳೆದೆ.
ನಿನಗೆ ಯಾರೂ ಹೊಲ ಕೊಡದೆ ಇದ್ದದ್ದೇ ಒಳ್ಳೇದಾಯ್ತು."
ನಗಲು ಮಾವನಿಗೆ ಸ್ವಲ್ಪ ಹೊತ್ತು ಹಿಡಿಯಿತು.
ಅವಳು ಹೋಗಲಿಲ್ಲ. ಕುಲುಮೆಯ ಸುತ್ತ ಬಂದಳು.
ಓರೆ ತೂತಿಗೆ ಅಂಗೈ ಹಿಡಿದಳು.
"ಹೊಗೆ ಎಲ್ಲಿ?"
"ಇಲ್ಲ."
"ಹಂಗಾದ್ರೆ ಇಂಥದೊಂದು ನನಗೆ ಹಾಕ್ಕೊಡು. ಆರು ಇಟ್ಟಿಗೆಗೆ."

ಕುಪ್ಪಂನಲ್ಲಿ ಕಾಳು ಮಾರಿದ್ದಕ್ಕೆ
ಇದ್ದಿಲಿನ ದುಡ್ಡು ಹುಟ್ಟಿತು, ಸೋಡಾದ್ದು ಹುಟ್ಟಲಿಲ್ಲ.
ಹೊಸ ಮಣ್ಣು ತುಳಿದು ಅವಳ ಒಲೆ ಹಾಕಿದೆವು.
ನಂತರ ಅವಳ ತಂಗಿಯದು, ನಂತರ ಶಾಲೆಯದು.
ಈಗ ನಮ್ಮ ಕಡೆ ಹನ್ನೊಂದಿವೆ. ಓರೆ ಒಲೆ ಅನ್ನುತ್ತಾರೆ.
ಮಾವನ ಹೆಸರು ಯಾರೂ ಸೇರಿಸುವುದಿಲ್ಲ.

ಆ ಕುಲುಮೆ ಹಿತ್ತಲಲ್ಲಿ ಇನ್ನೂ ಇದೆ.
ಒಳಗೋಡೆ ಹಸಿರು ಗಾಜಿನ ಹಾಗೆ ನುಣುಪು.
ಕೋಳಿ ಒಳಗೆ ಕೂರದಂತೆ ಕಲ್ಲು ಮುಚ್ಚಿದ್ದೇನೆ;
ಅದು ತಗೊಂಡ ಪಾಲಿನಲ್ಲಿ ಸೀಸವೂ ಇದೆ.
ಬಂಗಾರ ಎಷ್ಟಿರಬಹುದೆಂದು ಲೆಕ್ಕ ಹಾಕಲು ನನಗೆ ಬರುತ್ತದೆ.
ಹಾಕಿಲ್ಲ.